ಮೊದಲು ನಗರ, ಆಮೇಲೆ ಭಾಗ್ಯ

ನಮ್ಮವ್ವ ತನ್ನ ಹೆಸರನ್ನು ರಂಗೋಲಿ ಹಾಕಿದ ಹಾಗೆ ಹಾಕುತ್ತಾಳೆ. ಪೆನ್ನು ಕೈಗೆ ಕೊಟ್ಟರೆ ಮೊದಲು ಕಾಗದವನ್ನು ಅಂಗೈಯಿಂದ ಒಮ್ಮೆ ಸವರುತ್ತಾಳೆ, ಅಂಗಳದ ಧೂಳು ಒರೆಸಿದಂತೆ. ಆಮೇಲೆ ಎಲ್ಲ ಅಕ್ಷರಗಳ ತಲೆಕಟ್ಟುಗಳನ್ನು ಸಾಲಾಗಿ ಎಳೆದುಬಿಡುತ್ತಾಳೆ. ಅದಾದ ಮೇಲೆ ಕೆಳಗಿನ ಹೊಟ್ಟೆಗಳು. ಎಲ್ಲ ಮುಗಿದ ಮೇಲೆ, ಹೂವಿಗೆ ತೊಟ್ಟು ಇಟ್ಟ ಹಾಗೆ, ಒತ್ತು. ಮೂವತ್ತು ವರ್ಷದ ಹಿಂದೆ ರಾತ್ರಿ ಸಾಲಿಯಲ್ಲಿ ಕೂತು ಕಲಿತದ್ದು ಅದು. ಅವಳ ಹೆಸರಿನಲ್ಲಿ ಒಂದು 'ಮ' ಇದೆ. ಆ 'ಮ' ಪಡಿತರ ಅಂಗಡಿಯ ಬೋರ್ಡಿನ ಮೇಲೆ ಕಂಡರೆ ಅವಳಿಗೆ ಗುರುತು ಹತ್ತುವುದಿಲ್ಲ.

ಕೆಲವು ವರ್ಷಗಳ ಹಿಂದೆ ಒಂದು ಬ್ಯಾಂಕಿನಲ್ಲಿ, ಸಹಿ ಹೋದ ಸಲದ ಹಾಗಿಲ್ಲ ಎಂದು ಫಾರಂ ಹಿಂದಕ್ಕೆ ಬಂತು. ಅವ್ವ ಮತ್ತೆ ಹಾಕಿದಳು. ಮತ್ತೂ ಒಮ್ಮೆ ಹಾಕಿದಳು. ಹಿಂದೆ ಸಾಲು ಬೆಳೆಯುತ್ತಿತ್ತು. ಮೂರನೆಯ ಸಲಕ್ಕೆ ಕೌಂಟರಿನವರು ಇಂಕಿನ ಪ್ಯಾಡು ಮುಂದೆ ಸರಿಸಿ, "ಹೆಬ್ಬೆಟ್ಟು ಒತ್ತಿಬಿಡವಾ, ಲಗೂ ಆಗತೈತಿ" ಅಂದರು. ಅವ್ವ ಒತ್ತಿದಳು. ಹೊರಗೆ ಬಂದು ಸೆರಗಿನ ತುದಿಯಿಂದ ಬೆರಳು ಒರೆಸಿಕೊಳ್ಳುತ್ತ ಒಂದೇ ಮಾತು ಆಡಿದಳು: "ಕಲ್ತದ್ದೂ ಹೋತು."

ಅವಳು ಕಲಿತಿದ್ದಳೇ? ಕಲಿಸಿದವರು ಎಲ್ಲಿಗೆ ನಿಲ್ಲಿಸಿದ್ದರು? ಅಂದಿನಿಂದ ಈ ಎರಡು ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

ಕೊಪ್ಪಳದಲ್ಲಿ ರೈಲು ಹಳಿ ದಾಟಿದರೆ ಭಾಗ್ಯನಗರ. ಹೊರಗಿನವರಿಗೆ ಎರಡೂ ಒಂದೇ ಊರು. ನಮಗೆ ಮಾತ್ರ ಹಳಿಯ ಆಚೆ, ಹಳಿಯ ಈಚೆ ಎಂಬ ಲೆಕ್ಕ ಇನ್ನೂ ಇದೆ. ಕೈಮಗ್ಗ ಮತ್ತು ಕೂದಲು, ಈ ಎರಡು ಕಸುಬಿನಿಂದ ಊರಿನ ಹೆಸರು ಹೊರಗೆ ಗೊತ್ತು. ಮಗ್ಗದ ಸದ್ದು ವರ್ಷದಿಂದ ವರ್ಷಕ್ಕೆ ಇಳಿಯುತ್ತಿದೆ. ಕೂದಲಿನ ಕೆಲಸ ಓಣಿ ಓಣಿಗೆ ಹರಡಿದೆ. ಹೆಂಗಸರು ತಲೆ ಬಾಚಿಕೊಂಡಾಗ ಹಣಿಗೆಯಲ್ಲಿ ಉಳಿದ ಕೂದಲನ್ನು ಸುತ್ತಿ ಗೋಡೆಯ ಸಂದಿಯಲ್ಲಿ ಸಿಕ್ಕಿಸಿಡುತ್ತಾರಲ್ಲ, ಅದನ್ನೇ ಪಾತ್ರೆ, ಪಿನ್ನು, ಬಲೂನು ಕೊಟ್ಟು ಊರೂರಿನಿಂದ ಕೊಂಡು ತರುತ್ತಾರೆ. ಗಂಟುಗಂಟಾದ ಆ ಉಂಡೆ ಇಲ್ಲಿ ಬಿಡಿಸಿಕೊಂಡು, ತೊಳೆಸಿಕೊಂಡು, ಮೊಳೆ ಹಲಗೆಯ ಮೇಲೆ ಬಾಚಿಸಿಕೊಂಡು, ಉದ್ದದ ಪ್ರಕಾರ ಕಟ್ಟಾಗಿ ಚೀನಾದವರೆಗೆ ಹೋಗುತ್ತದೆ. ಬಿಡಿಸುವುದು ಪೂರ್ತಿ ಹೆಂಗಸರ ಕೈಕೆಲಸ. ದಬ್ಬಣದಂಥ ಸೂಜಿ ಹಿಡಿದು, ಬಾಗಿಲ ಬೆಳಕಿಗೆ ಮುಖ ಮಾಡಿ ಕೂತರೆ ಮಧ್ಯಾಹ್ನದ ತನಕ ಕತ್ತು ಎತ್ತುವುದಿಲ್ಲ. ಕೂಲಿ ತೂಕದ ಮೇಲೆ. ಎದ್ದು ಒಂದು ತಾಸು ಎಲ್ಲಿಗೆ ಹೋದರೂ ಆ ತಾಸಿನ ಕೂಲಿ ಹೋಯಿತು. ವಯಸ್ಕರ ಶಿಕ್ಷಣದ ಯಾವ ಯೋಜನೆಯ ಕಡತದಲ್ಲೂ ಈ ಒಂದು ತಾಸಿನ ಬೆಲೆಗೆ ಕಾಲಂ ಇರುವುದನ್ನು ನಾನು ಕಂಡಿಲ್ಲ.

ಒಂದು ಮನೆಯ ಪಡಸಾಲೆಯಲ್ಲಿ ಐವತ್ತು ದಾಟಿದ ಒಬ್ಬ ತಾಯಿ ಕೂದಲನ್ನು ಅಳತೆಯ ಪ್ರಕಾರ ಬೇರೆ ಮಾಡುತ್ತ ಕೂತಿದ್ದರು. ಹಿಡಿಯಿಂದ ಎಳೆ ಎಳೆಯುವುದು, ಒಂದು ಕ್ಷಣ ನೋಡುವುದು, ಇಡುವುದು. ಇದು ಎಂಟು, ಇದು ಹತ್ತು, ಇದು ಹನ್ನೆರಡು. ಇಂಚುಪಟ್ಟಿ ಬಾಜೂಕೆ ಬಿದ್ದಿತ್ತು, ಅವರಿಗೆ ಅದು ಬೇಕಿರಲಿಲ್ಲ. ನಾನು ಎರಡು ಕಟ್ಟು ತೆಗೆದು ಅಳೆದೆ, ಒಂದು ನೂಲಿನಷ್ಟೂ ತಪ್ಪಿರಲಿಲ್ಲ. ವಾರದ ಕೂಲಿಯನ್ನೂ ಅವರು ಬಾಯಲ್ಲೇ ಗುಣಿಸಿ, ಮುಂಗಡ ಕಳೆದು, ಚಿಲ್ಲರೆ ಸಮೇತ ಹೇಳುತ್ತಿದ್ದರು. ಆದರೆ ಅಕ್ಷರ ಕಲಿಸಲು ಬಂದ ಹುಡುಗಿ 'ನೂರಾ ಐದು' ಬರೆಯಿರಿ ಅಂದಾಗ ಅವರು ಪಾಟಿಯ ಮೇಲೆ 1005 ಎಂದು ಬರೆದರು. ಹುಡುಗಿ ಅದರ ಮೇಲೆ ಅಡ್ಡಗೆರೆ ಎಳೆದಳು.

ಆ ಅಡ್ಡಗೆರೆ ನನಗೆ ಇವತ್ತಿಗೂ ಚುಚ್ಚುತ್ತದೆ. ಆ ತಾಯಿ ಕಿವಿಗೆ ಬಿದ್ದದ್ದನ್ನು ಪ್ರಾಮಾಣಿಕವಾಗಿ ಬರೆದಿದ್ದರು: ಮೊದಲು ನೂರು, ಪಕ್ಕದಲ್ಲಿ ಐದು. ಬಾಯಿಲೆಕ್ಕದಲ್ಲಿ ನೂರಕ್ಕೆ ಒಂದು ಹೆಸರಿದೆ, ಐದಕ್ಕೆ ಒಂದು ಹೆಸರಿದೆ, ನಡುವೆ ಇಲ್ಲದ ಹತ್ತಕ್ಕೆ ಹೆಸರಿಲ್ಲ. ಇಲ್ಲದ್ದನ್ನೂ ಬರೆದು ತೋರಿಸಬೇಕು ಎಂಬುದು ಕಾಗದದ ಕಾನೂನು, ಅದನ್ನು ಅವರಿಗೆ ಯಾರೂ ಹೇಳಿರಲಿಲ್ಲ. ಒಂದು ನೂರರ ನೋಟು, ಒಂದು ಐದರ ನಾಣ್ಯ, ನಡುವೆ ಹತ್ತರ ನೋಟು ಇಡುವ ಜಾಗ ಖಾಲಿ. ಆ ಖಾಲಿ ಜಾಗದ ಗುರುತೇ ಸೊನ್ನೆ. ನೆಲದ ಮೇಲೆ ಹಣ ಇಟ್ಟು ತೋರಿಸಿದರೆ ಎರಡು ನಿಮಿಷದ ಪಾಠ. ಮಕ್ಕಳಿಗೆ ಸೊನ್ನೆ ಕಲಿಸುವಾಗ ಲೆಕ್ಕವನ್ನೇ ಮೊದಲಿನಿಂದ ಕಲಿಸಬೇಕು. ದೊಡ್ಡವರಿಗೆ ಲೆಕ್ಕ ಬರುತ್ತದೆ, ಬರಹ ಬರುವುದಿಲ್ಲ. ಈ ವ್ಯತ್ಯಾಸ ತಿಳಿಯದ ಕಡೆ ಕಲಿಯುವವರಿಗೆ ಮೊದಲ ವಾರವೇ ಅವಮಾನವಾಗುತ್ತದೆ, ಎರಡನೇ ವಾರ ಅವರು ಬರುವುದಿಲ್ಲ. "ಈ ವಯಸ್ಸಿನ್ಯಾಗ ನಮಗ್ಯಾಕ್ರಿ" ಎಂಬ ಮಾತು ಆ ಅಡ್ಡಗೆರೆಯಿಂದ ಹುಟ್ಟಿದ್ದು.

ಈ ನೆಲಕ್ಕೆ ಅಕ್ಷರ ಹೊಸದೇನಲ್ಲ. ಕೊಪ್ಪಳದ ಗವಿಮಠದ ಬಂಡೆಯ ಮೇಲೆ, ಪಾಲ್ಕಿಗುಂಡಿನ ಮೇಲೆ ಅಶೋಕನ ಶಾಸನಗಳಿವೆ. ಎರಡು ಸಾವಿರದ ಇನ್ನೂರು ವರ್ಷಕ್ಕೂ ಹಿಂದಿನ ಬರಹ, ನಮ್ಮ ಕನ್ನಡ ಲಿಪಿಗೆ ತಾಯಿಯಾದ ಬ್ರಾಹ್ಮಿ. ಆ ಬಂಡೆಯ ಮುಂದೆ ಒಮ್ಮೆ ನಿಂತು ನೋಡಿ. ಗೆರೆಗಳು ಕಾಣುತ್ತವೆ, ಇದು ಬರಹ ಎಂದು ಗೊತ್ತಾಗುತ್ತದೆ, ಯಾರೋ ಯಾರಿಗೋ ಏನೋ ಹೇಳುತ್ತಿದ್ದಾರೆ ಎಂದೂ ಗೊತ್ತಾಗುತ್ತದೆ, ಒಂದು ಉಚ್ಚಾರವೂ ಬಾಯಿಗೆ ಬರುವುದಿಲ್ಲ. ಪಕ್ಕದಲ್ಲಿರುವವರನ್ನು ಕೇಳಬೇಕು. ಡಿಗ್ರಿ ಮಾಡಿದವರೂ ಅಲ್ಲಿ ಐದು ನಿಮಿಷ ನಿಂತರೆ, ಬಸ್ ನಿಲ್ದಾಣದಲ್ಲಿ ಬೋರ್ಡು ನೋಡುತ್ತ ನಿಂತ ನಮ್ಮವ್ವನ ಎದೆಯೊಳಗಿನ ಅಳುಕು ಒಂದಿಷ್ಟು ತಿಳಿದೀತು.

ಒಂಬತ್ತನೇ ಶತಮಾನದ ಕವಿರಾಜಮಾರ್ಗ ಕನ್ನಡದ ತಿರುಳು ನಾಡಿನ ಎಲ್ಲೆಯಲ್ಲಿ ಕೊಪಣವನ್ನು, ಅಂದರೆ ಇಂದಿನ ಕೊಪ್ಪಳವನ್ನು, ಹೆಸರಿಸುತ್ತದೆ. ಓದಿನ ಹಂಗಿಲ್ಲದೆಯೂ ಕಾವ್ಯದಲ್ಲಿ ಪಳಗಿದವರು ಇಲ್ಲಿನ ಜನ ಎಂಬ ಅದರ ಹೊಗಳಿಕೆಯನ್ನು ಪ್ರತಿ ರಾಜ್ಯೋತ್ಸವದಲ್ಲೂ ಕೇಳುತ್ತೇವೆ. ಅದು ಸುಳ್ಳಲ್ಲ. ಸೋಬಾನೆ ಪದ, ಬೀಸುವ ಪದ, ಡೊಳ್ಳಿನ ಹಾಡು ಕಟ್ಟಿದವರಿಗೆ ಅಕ್ಷರ ಬರುತ್ತಿರಲಿಲ್ಲ. ಆದರೆ ಆ ಹೊಗಳಿಕೆಯನ್ನು ಹೊದ್ದುಕೊಂಡು ನಾವು ಬಹಳ ಕಾಲ ಮಲಗಿದೆವು ಎಂದೂ ನನಗೆ ಅನಿಸುತ್ತದೆ. ಬಾಯಲ್ಲಿ ಕಾವ್ಯ ಇದ್ದವರ ಹೆಸರಿನಲ್ಲೇ ಜಮೀನಿನ ಪತ್ರಗಳು ಹೆಬ್ಬೆಟ್ಟಿನ ಮೇಲೆ ಕೈ ಬದಲಿಸಿದವು.

ಮೈಸೂರು ಸೀಮೆಯಲ್ಲಿ 1940ರ ದಶಕದಲ್ಲೇ ವಯಸ್ಕರ ಶಿಕ್ಷಣ ಸಮಿತಿ ಹುಟ್ಟಿ, ಹೊಸದಾಗಿ ಓದು ಕಲಿತವರಿಗಾಗಿ 'ಬೆಳಕು' ಎಂಬ ಪತ್ರಿಕೆ ನಡೆಸಿತು. ಅದೇ ಕಾಲಕ್ಕೆ ನಮ್ಮ ಊರು ಹೈದರಾಬಾದ್ ನಿಜಾಮನ ಆಳ್ವಿಕೆಯಲ್ಲಿ, ಸಾಲಾರ್ ಜಂಗರ ಜಹಗೀರಾಗಿತ್ತು. ಕಚೇರಿ, ಕೋರ್ಟು, ಮೇಲಿನ ಓದು ಎಲ್ಲ ಉರ್ದುವಿನಲ್ಲಿ. ಕನ್ನಡ ಕಲಿತರೆ ಪುರಾಣ ಓದಬಹುದಿತ್ತು, ನೌಕರಿ ಸಿಗುತ್ತಿರಲಿಲ್ಲ. ಹೆಣ್ಣುಮಕ್ಕಳ ಮಾತಂತೂ ದೂರ. ನಿಜಾಮನ ಆಳ್ವಿಕೆ ಮುಗಿದ 1948ರ ಸೆಪ್ಟೆಂಬರಿನ ತನಕ ಹೀಗೇ. ಮುಂದೆ ರಾಯಚೂರು ಜಿಲ್ಲೆಯ ಒಂದು ಮೂಲೆಯಾಗಿ ಉಳಿದೆವು, 1997ರಲ್ಲಿ ಕೊಪ್ಪಳ ಜಿಲ್ಲೆಯಾಯಿತು. 2001ರ ಜನಗಣತಿಯಲ್ಲಿ ಜಿಲ್ಲೆಯ ಹೆಣ್ಣುಮಕ್ಕಳ ಸಾಕ್ಷರತೆ ಶೇ 40ನ್ನು ಮುಟ್ಟಿರಲಿಲ್ಲ. 2011ರಲ್ಲಿ ಅದು ಶೇ 57.55 ಆಯಿತು, ಗಂಡಸರದು ಶೇ 78.54. ಹತ್ತು ವರ್ಷದಲ್ಲಿ ದೊಡ್ಡ ಜಿಗಿತವೇ. ಅದರ ಬಹುಪಾಲು ಶ್ರೇಯ ಸಾಲಿಗೆ ಹೋದ ಹೊಸ ತಲೆಮಾರಿನ ಹುಡುಗಿಯರದು.

ಈ ಅಂಕಿ ಹೇಗೆ ಹುಟ್ಟುತ್ತದೆ ಎಂಬುದನ್ನೂ ಹೇಳಬೇಕು. ಏಳು ವರ್ಷ ಮೇಲ್ಪಟ್ಟವರು ಯಾವುದಾದರೂ ಒಂದು ಭಾಷೆಯನ್ನು ಅರ್ಥಮಾಡಿಕೊಂಡು ಓದಲು ಬರೆಯಲು ಬಲ್ಲವರಾದರೆ ಸಾಕ್ಷರರು, ಇದು ಗಣತಿಯ ವ್ಯಾಖ್ಯೆ. ಆದರೆ ಗಣತಿಯವರು ಪುಸ್ತಕ ಕೊಟ್ಟು ಓದಿಸುವುದಿಲ್ಲ. ಹೊಸ್ತಿಲಲ್ಲಿ ನಿಂತು, "ಇವರಿಗೆ ಓದಾಕ ಬರಿಯಾಕ ಬರತೈತೇನ್ರಿ?" ಎಂದು ಕೇಳುತ್ತಾರೆ. ಮನೆಯ ಯಜಮಾನ ಹೇಳಿದ್ದೇ ಉತ್ತರ. ನಮ್ಮ ಮನೆಯಲ್ಲಿ ಅಪ್ಪ, "ಹ್ಞೂ, ಸೈ ಮಾಡತಾಳ" ಅಂದಿದ್ದರು. ಅವ್ವ ಒಳಗೆ ರೊಟ್ಟಿ ಬಡಿಯುತ್ತಿದ್ದಳು. ಸದ್ದು ಒಂದು ಕ್ಷಣ ನಿಂತದ್ದು ನನಗೆ ನೆನಪಿದೆ.

ಅವ್ವ ಕೂತ ರಾತ್ರಿ ಸಾಲಿ 1990ರ ದಶಕದ್ದು. 1988ರ ಮೇ ತಿಂಗಳಲ್ಲಿ ರಾಷ್ಟ್ರೀಯ ಸಾಕ್ಷರತಾ ಮಿಷನ್ ಶುರುವಾಗಿತ್ತು. 1990ರ ಫೆಬ್ರವರಿಯಲ್ಲಿ ಕೇರಳದ ಎರ್ನಾಕುಲಂ ಸಂಪೂರ್ಣ ಸಾಕ್ಷರ ಜಿಲ್ಲೆ ಎನಿಸಿಕೊಂಡ ಮೇಲೆ ದೇಶಕ್ಕೆಲ್ಲ ಹುರುಪು ಬಂತು. ನಮ್ಮಲ್ಲಿ ದಕ್ಷಿಣ ಕನ್ನಡ, ವಿಜಾಪುರ ಮೊದಲ ಸಾಲಿನಲ್ಲಿದ್ದವು. ಕಲಾಜಾಥಾದವರು ಬಂದು ಹಲಗೆ ಬಾರಿಸಿ ಬೀದಿ ನಾಟಕ ಆಡಿದರೆ ಊರೆಲ್ಲ ಸೇರುತ್ತಿತ್ತು. ಪಕ್ಕದ ಆಂಧ್ರದ ನೆಲ್ಲೂರಿನಲ್ಲಿ ನಡೆದದ್ದು ಆ ಕಾಲದ ಬಹುದೊಡ್ಡ ಕಥೆ. ಓದು ಕಲಿಸುವ ಪುಸ್ತಕದಲ್ಲಿ ಸಾರಾಯಿಯ ಬಗ್ಗೆ ಒಂದು ಪಾಠ ಇತ್ತು. ಅದನ್ನು ಓದಿ ಚರ್ಚಿಸಿದ ದೂಬಗುಂಟದ ಹೆಂಗಸರು ಊರಿನ ಸಾರಾಯಿ ಅಂಗಡಿಯನ್ನೇ ಮುಚ್ಚಿಸಿದರು. ಹೋರಾಟ ಜಿಲ್ಲೆಯಿಂದ ಜಿಲ್ಲೆಗೆ ಹಬ್ಬಿ 1993ರಲ್ಲಿ ಸರ್ಕಾರ ಸಾರಾಯಿ ನಿಷೇಧಿಸಬೇಕಾಯಿತು. ಆ ಪಾಠದಲ್ಲಿದ್ದದ್ದು ಅವರ ಮನೆಯ ಕಥೆ. ಬ್ರೆಜಿಲಿನ ಶಿಕ್ಷಣ ಚಿಂತಕ ಪೌಲೊ ಫ್ರೇರೆ 1963ರಲ್ಲಿ ಆಂಜಿಕೋಸ್ ಎಂಬ ಊರಿನಲ್ಲಿ ಸುಮಾರು 300 ಕೂಲಿಕಾರರಿಗೆ 40 ಗಂಟೆಯಲ್ಲಿ ಓದು ಕಲಿಸಿದ್ದೂ ಇದೇ ಹಾದಿಯಲ್ಲಿ. ಅವರ ದಿನದ ಬದುಕಿನ ಮಾತು ಮೊದಲು ಮಾತುಕತೆಗೆ ಬರುತ್ತಿತ್ತು, ಆಮೇಲೆ ಹಲಗೆಗೆ.

ಭಾಗ್ಯನಗರದಲ್ಲಿ ಅಂಥ ಪದಗಳನ್ನು ಹುಡುಕಿದರೆ ಏನು ಸಿಗುತ್ತದೆ? ನಾನು ಒಂದು ಮಧ್ಯಾಹ್ನ ಕೂತು ಬರೆದುಕೊಂಡೆ. ಕೂದಲು, ನೂಲು, ಸೀರೆ, ಲಾಳಿ, ಹಣಿಗೆ, ಸೆರಗು, ಕೂಲಿ, ಸಾಲ. ನೋಡಿ, ಒಂದರಲ್ಲೂ ಒತ್ತಕ್ಷರವಿಲ್ಲ, ಮಹಾಪ್ರಾಣವಿಲ್ಲ. ಮಗ್ಗ, ರೊಟ್ಟಿ, ಹತ್ತಿ ಸೇರಿಸಿದರೆ ಅದೇ ಅಕ್ಷರಕ್ಕೆ ಅದೇ ಒತ್ತು, ಅದೂ ಸುಲಭ. ಸಾಲಕ್ಕೆ ಒಂದು ಗುಡಿಸು ಕೊಟ್ಟರೆ ಸಾಲಿ. ಈ ಸೀಮೆಯ ದುಡಿಮೆಯ ಮಾತೆಲ್ಲ ಲಿಪಿಯ ಮೊದಲ ಮೆಟ್ಟಿಲುಗಳಲ್ಲೇ ಕೂತಿದೆ.

ಈಗ ಇಲ್ಲಿ ದುಡಿಯುವ ಹೆಣ್ಣುಮಗಳು ಸರ್ಕಾರದ ಯೋಜನೆ, ಕಾಗದಪತ್ರಗಳಲ್ಲಿ ನಿಜವಾಗಿ ಓದಬೇಕಾದ ಪದಗಳನ್ನು ನೋಡಿ. ಗೃಹಲಕ್ಷ್ಮಿ. ಮೊದಲ ಅಕ್ಷರಕ್ಕೇ ವಟ್ರಸುಳಿ, ಕೊನೆಯಲ್ಲಿ ಮೂರು ವ್ಯಂಜನ ಒಂದರ ಕೆಳಗೊಂದು. ಗೃಹಜ್ಯೋತಿ, ಅನ್ನಭಾಗ್ಯ, ಶಕ್ತಿ, ಪ್ರಮಾಣಪತ್ರ, ಖಾತೆ, ಅರ್ಜಿ. ಅರ್ಕಾವತ್ತನ್ನು ಹಿಂದಿನ ಅಕ್ಷರಕ್ಕಿಂತ ಆಮೇಲೆ ಬರೆದು ಮೊದಲು ಓದಬೇಕು ಎಂಬುದನ್ನು ನಾಲ್ಕನೇ ತರಗತಿ ಮಕ್ಕಳಿಗೆ ವಿವರಿಸುವುದೇ ಕಷ್ಟ. ಬದುಕಿನ ಪದ ಪುಸ್ತಕದ ಮೊದಲ ಪುಟದಲ್ಲಿ, ಸರ್ಕಾರದ ಪದ ಕೊನೆಯ ಪುಟದಲ್ಲಿ. ಕೊನೆಯ ಪುಟದ ತನಕ ಕೂತವರು ಎಷ್ಟು ಜನ?

ನಮ್ಮ ಊರಿನ ಹೆಸರಿನಲ್ಲೇ ಈ ಇಡೀ ಕಥೆ ಇದೆ. 'ನಗರ'. ಮೂರೂ ಬರೀ ತಲೆಕಟ್ಟಿನ ಅಕ್ಷರ. ಸರ್ಕಾರಿ ಸಾಲಿಯ ನಲಿ-ಕಲಿ ತರಗತಿಯ ಮಕ್ಕಳು ರ, ಗ, ಸ, ದ, ಅ ಎಂದು ಶುರು ಮಾಡಿ ಮುಂದಿನ ಗುಂಪಿನಲ್ಲಿ 'ನ' ಕಲಿಯುವ ಹೊತ್ತಿಗೆ 'ನಗರ' ಓದಿಬಿಡುತ್ತಾರೆ. ದೊಡ್ಡವರಿಗೂ ಹತ್ತಿಪ್ಪತ್ತು ದಿನ ಸಾಕು. 'ಭಾಗ್ಯ' ಹಾಗಲ್ಲ. ಬ ಮತ್ತು ಭ ನಡುವೆ ಕೆಳಗಿನ ಒಂದು ಸೀಳಿನ ವ್ಯತ್ಯಾಸ, ಅದಕ್ಕೊಂದು ದೀರ್ಘ, ಗ-ಕ್ಕೆ ಯ-ದ ಒತ್ತು, ಆ ಒತ್ತಿಗೂ ಯ ಅಕ್ಷರಕ್ಕೂ ರೂಪದಲ್ಲಿ ನಂಟೇ ಕಾಣುವುದಿಲ್ಲ. ನಗರ ಓದುವವರು ಭಾಗ್ಯ ಓದುವ ತನಕ ಹೋಗಬೇಕಾದ ದಾರಿ ತಿಂಗಳುಗಟ್ಟಲೆಯದು. ನಮ್ಮ ಸಾಕ್ಷರತಾ ಕಾರ್ಯಕ್ರಮಗಳ ಬಹುಪಾಲು ಜನ ಆ ದಾರಿಯ ನಡುವೆಲ್ಲೋ ಇಳಿದುಹೋಗಿದ್ದಾರೆ.

ಇನ್ನೊಂದು ತೊಡಕು ಭಾಷೆಯದು. ಒಬ್ಬಾಕೆ 'ನೀರು ಇದೆ' ಎಂದು ಮುದ್ರಿಸಿದ್ದನ್ನು ಬೆರಳಿಟ್ಟು ಓದುತ್ತ, "ನೀ...ರು... ಐತಿ" ಅಂದರು. ಕಲಿಸುವವರು ತಿದ್ದಿದರು. ನನಗೆ ಆಗ ಅನಿಸಿದ್ದು, ಈಕೆ ಈಗಷ್ಟೇ ಓದತೊಡಗಿದ್ದಾಳೆ! ಅಕ್ಷರ ಕೂಡಿಸಿ ಅರ್ಥಕ್ಕೆ ಮುಟ್ಟಿ, ಆ ಅರ್ಥವನ್ನು ತನ್ನ ಮಾತಿನಲ್ಲಿ ಹೇಳಿದ್ದಾಳೆ. ಓದು ಎಂದರೆ ಅದೇ ಅಲ್ಲವೇ. ಪುಸ್ತಕದ ಕನ್ನಡ ಆಕೆಯ ಕಿವಿಗೆ ಅರ್ಧ ಪರಭಾಷೆ. ಮನೆಮಾತು ಬೇರೆಯೇ ಇದ್ದವರ ಪಾಡು ಇನ್ನೂ ದೊಡ್ಡದು. ತಾಂಡಾಗಳಲ್ಲಿ ಲಂಬಾಣಿ, ತುಂಗಭದ್ರಾ ಅಣೆಕಟ್ಟಾದ ಮೇಲೆ ಗಂಗಾವತಿ, ಕಾರಟಗಿ ಕಡೆ ಬಂದು ನೆಲೆಸಿದ ಕ್ಯಾಂಪುಗಳಲ್ಲಿ ತೆಲುಗು, ಊರ ನಡುವಿನ ಓಣಿಗಳಲ್ಲಿ ಉರ್ದು. ಎಲ್ಲರ ಕೈಗೂ ವಯಸ್ಕರಿಗೆ ಕನ್ನಡ ಓದು ಕಲಿಸುವ 'ಬಾಳಿಗೆ ಬೆಳಕು' ಪುಸ್ತಕವೇ. ಕಲಿಸುವವರಿಗೆ ಈ ಕಷ್ಟ ಗೊತ್ತಿದ್ದರೆ ದಾರಿ ಸಿಗುತ್ತದೆ. ಗೊತ್ತಿಲ್ಲದಿದ್ದರೆ ಕಲಿಯುವವರಿಗೆ ಬುದ್ಧಿ ಕಡಿಮೆ ಎಂಬ ತೀರ್ಮಾನಕ್ಕೆ ಬರುತ್ತಾರೆ.

ಕಲಿಸುವವರ ವಿಷಯಕ್ಕೆ ಬರೋಣ. 2009ರ ಸೆಪ್ಟೆಂಬರ್ 8ರಂದು, ವಿಶ್ವ ಸಾಕ್ಷರತಾ ದಿನದಂದೇ, ಕೇಂದ್ರ ಸರ್ಕಾರ 'ಸಾಕ್ಷರ ಭಾರತ' ಶುರು ಮಾಡಿತು. ಮುಖ್ಯವಾಗಿ ವಯಸ್ಕ ಮಹಿಳೆಯರ ಸಾಕ್ಷರತೆ ಅರ್ಧ ಅಥವಾ ಅದಕ್ಕಿಂತ ಕಡಿಮೆ ಇದ್ದ ಜಿಲ್ಲೆಗಳ ಹಳ್ಳಿಗಳಿಗೆಂದು ಇದ್ದ ಯೋಜನೆ. ಪಂಚಾಯಿತಿಗೊಂದು ಲೋಕಶಿಕ್ಷಣ ಕೇಂದ್ರ, ಅಲ್ಲಿ ಪ್ರೇರಕರು, ತಿಂಗಳಿಗೆ 2,000 ರೂಪಾಯಿ ಗೌರವಧನ. ಅದೇನೂ ಸಂಬಳವಲ್ಲ. ಆದರೂ ಊರಿನ ಒಬ್ಬ ಮನುಷ್ಯನಿಗೆ 'ಇದು ನನ್ನ ಕೆಲಸ' ಎನ್ನುವ ಆಸರೆ ಇತ್ತು. ಯಾರು ಮೂರು ದಿನದಿಂದ ಬಂದಿಲ್ಲ, ಯಾರ ಮಗಳು ಬಾಣಂತನಕ್ಕೆ ಬಂದಿದ್ದಾಳೆ, ಯಾರು ಗೋವಾಕ್ಕೆ ಗುಳೆ ಹೋದರು, ಎಲ್ಲ ಪ್ರೇರಕರ ತಲೆಯಲ್ಲಿರುತ್ತಿತ್ತು. 2018ರ ಮಾರ್ಚ್‌ನಲ್ಲಿ ಯೋಜನೆ ಮುಗಿಯಿತು. ದೇಶದಾದ್ಯಂತ 7.64 ಕೋಟಿ ಜನ ಪರೀಕ್ಷೆ ಪಾಸಾದರು ಎಂಬ ಲೆಕ್ಕ ಉಳಿಯಿತು. ಪ್ರೇರಕರು ಮನೆಗೆ ಹೋದರು, ಅವರೊಟ್ಟಿಗೆ ಆ ನೆನಪೂ ಹೋಯಿತು.

2022ರಿಂದ 2027ರ ತನಕದ ಹೊಸ ಯೋಜನೆ ನವಭಾರತ ಸಾಕ್ಷರತಾ ಕಾರ್ಯಕ್ರಮ, 'ಉಲ್ಲಾಸ್'. ಖರ್ಚಿನ ಅಂದಾಜು 1,037.90 ಕೋಟಿ ರೂಪಾಯಿ, ಗುರಿ 5 ಕೋಟಿ ಕಲಿಕಾರ್ಥಿಗಳು. ಭಾಗಿಸಿ ನೋಡಿದರೆ ಐದು ವರ್ಷಕ್ಕೆ ಒಬ್ಬರಿಗೆ ಸುಮಾರು 208 ರೂಪಾಯಿ. ಕಲಿಸುವವರು ಸ್ವಯಂಸೇವಕರು, ಗೌರವಧನ ಇಲ್ಲ. ಹಳ್ಳಿ ಪಟ್ಟಣ ಎರಡಕ್ಕೂ ಅನ್ವಯ ಎನ್ನುವುದು ಒಳ್ಳೆಯ ಬದಲಾವಣೆ. ಹಣಕಾಸಿನ ತಿಳಿವಳಿಕೆ, ಮೊಬೈಲ್ ಬಳಕೆ, ಕಸುಬಿನ ಕೌಶಲ ಎಲ್ಲ ಅದರ ಅಂಗ ಎಂದಿದ್ದಾರೆ. ಕೊನೆಗೆ ಒಂದು ಪರೀಕ್ಷೆ: ಓದು 50, ಬರಹ 50, ಲೆಕ್ಕ 50, ಒಟ್ಟು 150 ಅಂಕ. ಪರೀಕ್ಷೆಯ ದಿನ ಸಾಲಿಯ ಬೆಂಚಿನಲ್ಲಿ ಮಂಡಿ ಹಿಡಿಸದೆ ಓರೆಯಾಗಿ ಕೂತ ಅಜ್ಜಿಯರ ಫೋಟೊ ಪತ್ರಿಕೆಯಲ್ಲಿ ಬರುತ್ತದೆ. ಮರುದಿನದಿಂದ ಅವರು ಏನು ಓದುತ್ತಾರೆ? ಆ ಫೋಟೊ ಇರುವ ಪತ್ರಿಕೆಯನ್ನೇ ಅವರು ಓದಲಾರರು. ಅಷ್ಟು ಸಣ್ಣಕ್ಷರ, ಅಷ್ಟು ಉದ್ದ ವಾಕ್ಯ.

ವಿಶ್ವಬ್ಯಾಂಕಿನಲ್ಲಿ ಕೆಲಸ ಮಾಡಿದ ಮನೋವಿಜ್ಞಾನಿ ಹೆಲೆನ್ ಅಬಾಡ್ಜಿ ಈ ವಿಷಯವನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದವರು. ಅವರ ವಾದ ಸರಳ. ನಮ್ಮ ತಕ್ಷಣದ ನೆನಪು ಕೆಲವೇ ಸೆಕೆಂಡಿನದು. ನಿಮಿಷಕ್ಕೆ 45ರಿಂದ 60 ಪದದ ವೇಗ ಇಲ್ಲದಿದ್ದರೆ ವಾಕ್ಯದ ಕೊನೆ ಮುಟ್ಟುವ ಹೊತ್ತಿಗೆ ಮೊದಲು ಓದಿದ್ದು ಜಾರಿಹೋಗಿರುತ್ತದೆ. ಅಕ್ಷರ ಎಲ್ಲ ಗೊತ್ತು, ಅರ್ಥ ಮಾತ್ರ ಕೈಗೆ ಸಿಗುವುದಿಲ್ಲ. ಆಗ ಓದು ಶ್ರಮವಾಗುತ್ತದೆ, ಶ್ರಮವಾದ್ದರಿಂದ ಬಿಟ್ಟುಹೋಗುತ್ತದೆ, ಬಿಟ್ಟದ್ದರಿಂದ ಮರೆಯುತ್ತದೆ. ಕನ್ನಡದಲ್ಲಂತೂ 'ಬರೆದುಕೊಡಬೇಕಾಗಿರುತ್ತದೆ' ಎಂಬುದು ಒಂದೇ ಪದ! ಇಂಗ್ಲಿಷಿನ ಪದಲೆಕ್ಕ ಇಲ್ಲಿಗೆ ಹಾಗೇ ಹೊಂದುವುದಿಲ್ಲ, ಮಾತಿನ ತಿರುಳು ಹೊಂದುತ್ತದೆ. ಅಕ್ಷರ ಗುರುತಿಸುವುದಕ್ಕೂ ಸರಾಗವಾಗಿ ಓದುವುದಕ್ಕೂ ನಡುವೆ ನೂರಾರು ಗಂಟೆಗಳ ಬರೀ ಓದು ಬೇಕು, ಸುಮ್ಮನೆ ಓದು. ನಮ್ಮಲ್ಲಿ ಪ್ರತಿ ಸಲ ಹೊಸ ಯೋಜನೆ ಬಂದಾಗ ಮತ್ತೆ ಮೊದಲ ಪಾಠದಿಂದ ಶುರುವಾಗುತ್ತದೆ. ನಮ್ಮವ್ವನಂಥವರು ಎಲ್ಲಿ ನಿಂತಿದ್ದಾರೆ ಎಂದು ಕೇಳಿ, ಅಲ್ಲಿಂದ ಕೈ ಹಿಡಿದು ಮುಂದೆ ಕರೆದೊಯ್ಯುವ ಯೋಜನೆ ಇನ್ನೂ ಬಂದಿಲ್ಲ.

ಕಣ್ಣಿನ ಮಾತು ಯಾರೂ ಆಡುವುದಿಲ್ಲ. ನಲವತ್ತು ದಾಟಿದ ಮೇಲೆ ಹತ್ತಿರದ್ದು ಮಸುಕಾಗುವುದು ಎಲ್ಲರಿಗೂ ಸಹಜ. ವರ್ಷಗಟ್ಟಲೆ ಕೂದಲಿನ ಎಳೆ, ನೂಲಿನ ಎಳೆ ನೋಡಿದ ಕಣ್ಣು ಇವು. ಅಸ್ಸಾಮಿನ ಚಹಾತೋಟದಲ್ಲಿ ನಲವತ್ತು ದಾಟಿದ ಕೂಲಿಕಾರರಿಗೆ ಬರೀ ಹತ್ತಿರದ ಚಷ್ಮಾ ಕೊಟ್ಟು ನೋಡಿದ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಚಷ್ಮಾ ಸಿಗದವರಿಗೆ ಹೋಲಿಸಿದರೆ ಇವರು ಎಲೆ ಕೀಳುವ ಪ್ರಮಾಣ ಶೇ 20ಕ್ಕಿಂತ ಹೆಚ್ಚು ಏರಿತು. ನಮ್ಮ ಓಣಿಯ ತರಗತಿಯಲ್ಲಿ "ತಲಿಗೆ ಹತ್ತವಲ್ದು" ಎಂದು ಎದ್ದುಹೋದ ಎಷ್ಟು ಜನರಿಗೆ ಅಕ್ಷರ ಕಣ್ಣಿಗೇ ಹತ್ತಿರಲಿಲ್ಲವೋ. ಪುಸ್ತಕ ಹಂಚುವ ಮೊದಲು ಚಷ್ಮಾ ಹಂಚಬೇಕು. ಇದಕ್ಕೆ ಹೊಸ ನೀತಿ ಬೇಕಿಲ್ಲ, ಒಂದು ದಿನದ ಶಿಬಿರ ಸಾಕು.

ಇಷ್ಟೆಲ್ಲ ಯಾಕೆ, ಈಗ ಮೊಬೈಲಿನಲ್ಲಿ ಮಾತಾಡಿಯೇ ಕೆಲಸ ಆಗುತ್ತದಲ್ಲ ಎಂದು ಕೇಳುವವರಿದ್ದಾರೆ. ಧ್ವನಿಸಂದೇಶ ಕಳಿಸಬಹುದು, ಫೋಟೊ ನೋಡಿ ಮಗಳಿಗೆ ಫೋನು ಹಚ್ಚಬಹುದು, ಬೆರಳಚ್ಚಿನ ಯಂತ್ರದ ಮೇಲೆ ಓದಿದವರೂ ಓದದವರೂ ಒಂದೇ ರೀತಿ ಹೆಬ್ಬೆಟ್ಟು ಇಡುತ್ತಾರೆ. ನಿಜ. ಆದರೆ ದುಡಿದು ಸವೆದ ಬೆರಳನ್ನು ಆ ಯಂತ್ರ ಎಷ್ಟೋ ಸಲ ಗುರುತಿಸುವುದಿಲ್ಲ. ಆಗ ಫೋನಿಗೆ ಬರುವ ಆರಂಕಿಯ ಸಂಖ್ಯೆಯನ್ನು ಇನ್ನೊಬ್ಬರ ಕೈಗೆ ಕೊಟ್ಟು ಓದಿಸಬೇಕು. ಯಾರ ಕೈಗೆ ಕೊಟ್ಟೆವು ಎಂಬುದರ ಮೇಲೆ ಖಾತೆಯ ಹಣ ನಿಂತಿದೆ. ಗುಂಪಿನ ಸಾಲ, ಕಿರುಸಾಲದ ಕಾಗದಗಳದ್ದೂ ಅದೇ ಕಥೆ. ಸಾಲದ ಕಾರ್ಡು ಸಾಲಗಾರರಿಗೆ ತಿಳಿಯುವ ಭಾಷೆಯಲ್ಲಿರಬೇಕು ಎಂದು ರಿಸರ್ವ್ ಬ್ಯಾಂಕಿನ 2022ರ ನಿಯಮ ಹೇಳುತ್ತದೆ. ಕನ್ನಡದಲ್ಲೇ ಇರುತ್ತದೆ ಎಂದಿಟ್ಟುಕೊಳ್ಳಿ. ತಿಳಿಯುವ ಭಾಷೆ, ಓದಲಾಗದ ಅಕ್ಷರ. ವಸೂಲಿಯ ಕಿರುಕುಳ ಮಿತಿಮೀರಿ 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತರಬೇಕಾಯಿತು. ಆ ಸುದ್ದಿಯೂ ಅವರಿಗೆ ಬೇರೆಯವರ ಬಾಯಿಂದಲೇ ತಿಳಿಯಿತು. 2022ರ ಜನವರಿಯಲ್ಲಿ ಕಚ್ಚಾ ಕೂದಲಿನ ರಫ್ತಿಗೆ ಕೇಂದ್ರ ನಿರ್ಬಂಧ ಹಾಕಿದಾಗಲೂ ಹಾಗೇ. ತಾವು ಬಿಡಿಸುವ ಕೂದಲಿನ ಸುದ್ದಿ ಪತ್ರಿಕೆಯಲ್ಲಿ ಬಂತು, ಬಿಡಿಸುವವರು ಓದಲಿಲ್ಲ.

ನನ್ನ ಆಸೆ ದೊಡ್ಡದೇನಲ್ಲ. ಮಧ್ಯಾಹ್ನ ಊಟವಾದ ಮೇಲೆ, ಕೈ ಸ್ವಲ್ಪ ಬಿಡುವಾಗುವ ಎರಡರಿಂದ ಮೂರರ ಹೊತ್ತಿಗೆ, ಕೂದಲು ಬಿಡಿಸುವ ಪಡಸಾಲೆಯಲ್ಲೇ ತರಗತಿ ನಡೆಯಲಿ. ರಾತ್ರಿ ಏಳರ ಹೊತ್ತು ಒಲೆಯ ಮುಂದಿನ ಹೊತ್ತು, ಅದು ಸಾಲಿಯ ಹೊತ್ತಾಗಲಾರದು. ಕಲಿಸುವ ಊರ ಹುಡುಗಿಗೆ ಗೌರವಧನ ಇರಲಿ, ಪುಕ್ಕಟೆ ದುಡಿಮೆಯ ಮೇಲೆ ಯಾವ ಸಾಲಿಯೂ ನಿಲ್ಲುವುದಿಲ್ಲ. ಪರೀಕ್ಷೆ ಮುಗಿದ ಮೇಲೆ ಒಂದು ವರ್ಷ, ವಾರಕ್ಕೊಂದು ಹಾಳೆ ಬರಲಿ. 'ಬೆಳಕು' ಅಂದು ಮಾಡಿದ್ದನ್ನೇ ಇಂದು ಕೊಪ್ಪಳದ ಮಾತಿನಲ್ಲಿ ಮಾಡೋಣ. ದಪ್ಪ ಅಕ್ಷರ, ಗಿಡ್ಡ ವಾಕ್ಯ, 'ಐತಿ' ಎಂದೇ ಅಚ್ಚಾದ ಕನ್ನಡ. ಅದರಲ್ಲಿ ಈ ವಾರದ ಕೂದಲಿನ ದರ, ಗವಿಮಠದ ಜಾತ್ರೆಯ ತೇರಿನ ದಿನ, ಪಡಿತರ ಯಾವತ್ತು ಬರುತ್ತದೆ, ಯಾರ ಮಗಳು ಪಿಯುಸಿ ಪಾಸಾದಳು. ಓದಬೇಕು ಅನಿಸುವುದು ಅದರಲ್ಲಿದ್ದರೆ ಅವರು ಓದುತ್ತಾರೆ.

ನಾನು ಮನೆಯಲ್ಲಿ ಅವ್ವನಿಗೆ ಮತ್ತೆ ಕಲಿಸಲು ಶುರು ಮಾಡಿ ಕೆಲವು ತಿಂಗಳಾಯಿತು. ಅವಳ ಹೆಸರಿನಿಂದ ಶುರು ಮಾಡಲಿಲ್ಲ. ಆ ಚಿತ್ರ ಹಾಗೇ ಇರಲಿ ಎಂದು ಬಿಟ್ಟೆ. ನೂಲು, ಲಾಳಿ, ಸೀರೆ ಎಂದು ಹೊರಟೆವು. ಮೊದಲು ಚಷ್ಮಾ ಮಾಡಿಸಿದೆ. ಹಾಕಿಕೊಂಡ ದಿನ ಅವಳು ಮೊದಲು ನೋಡಿದ್ದು ತನ್ನ ಅಂಗೈ.

ಮೊನ್ನೆ ಇಬ್ಬರೂ ಬಸ್ಸಿನಲ್ಲಿ ಬರುತ್ತಿದ್ದೆವು. ಊರ ಹತ್ತಿರ ಬಸ್ಸು ನಿಧಾನವಾದಾಗ ಅವ್ವ ಕಿಟಕಿಗೆ ಹಣೆ ಹಚ್ಚಿ ಬೋರ್ಡು ನೋಡಿದಳು. ತುಟಿ ಅಲುಗಿತು. "ನ... ಗ... ರ. ನಗರ!" ಅಂದಳು. ಹಿಂದಿನ ಸೀಟಿನವರು ತಿರುಗಿ ನೋಡಿದರು. ಅವಳು ಅವರ ಕಡೆ ಗಮನ ಕೊಡಲಿಲ್ಲ, ಬೋರ್ಡಿನ ಮೊದಲರ್ಧದ ಮೇಲೆ ಕಣ್ಣು ನೆಟ್ಟಿದ್ದಳು. ಬಸ್ಸು ಮುಂದೆ ಹೋಗಿಬಿಟ್ಟಿತು.

"ಅದರ ಮುಂದಿಂದು ಬರದು ತೋರಸು," ಅಂದಳು.

ಕಾಗದ ಇರಲಿಲ್ಲ. ಅವಳ ಮುಷ್ಟಿಯಲ್ಲಿದ್ದ, ಶಕ್ತಿ ಯೋಜನೆಯ ಸೊನ್ನೆ ರೂಪಾಯಿಯ ಟಿಕೆಟನ್ನು ಬಿಡಿಸಿ, ಹಿಂಬದಿಯಲ್ಲಿ ದೊಡ್ಡದಾಗಿ 'ಭಾ' ಬರೆದೆ. ಕೆಳಗಿನ ಸೀಳನ್ನು ಇನ್ನೊಮ್ಮೆ ತಿದ್ದಿ ತೋರಿಸಿದೆ. ಅವಳು ಚಷ್ಮಾ ಮೇಲೇರಿಸಿಕೊಂಡು, ಉಗುರಿನಿಂದ ಆ ಗೆರೆಯನ್ನು ಎಡದಿಂದ ಬಲಕ್ಕೆ ಎಳೆಯತೊಡಗಿದಳು.